ಎಬ್ಬಿಸಿದ ಮೇಲೆ ಊಟ

ಕಗ್ಗದಾಸಪುರ ಸಭೆ, ಯೌವನಸ್ಥರ ಆರಾಧನೆ
ಓದುವ ಭಾಗ: ಮಾರ್ಕ 5:35-43

ಯಾಯೀರನ ಮಗಳನ್ನು ಯೇಸು ಸ್ವಾಮಿ ಎಬ್ಬಿಸಿದ್ದು ಎಲ್ಲರಿಗೂ ಗೊತ್ತು. ಹನ್ನೆರಡು ವರುಷದ ಹುಡುಗಿ ಎದ್ದು ನಡೆದಾಡಿದಳು. ಆಮೇಲೆ ಸ್ವಾಮಿ ಏನು ಹೇಳಿದರು? ಅವಳಿಗೆ ಊಟಕ್ಕೆ ಕೊಡಲು ಹೇಳಿದರು. ಸತ್ತವಳನ್ನು ಎಬ್ಬಿಸಿದವರಿಗೆ ಹೊಟ್ಟೆ ತುಂಬಿಸೋದು ಕಷ್ಟವಾ? ಆದರೂ ಆ ಕೆಲಸವನ್ನು ಮನೆಯವರ ಕೈಗೇ ಕೊಟ್ಟರು.

ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ನಿಮ್ಮಲ್ಲಿ ಕೆಲವರು ಅಪ್ಪನನ್ನೋ ಅಮ್ಮನನ್ನೋ ಕಿದ್ವಾಯಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರ್ತಿದ್ದೀರಿ. 1973ರಿಂದ ಅಲ್ಲಿ ಎಷ್ಟೋ ಮನೆಗಳ ಕಣ್ಣೀರು ಬಿದ್ದಿದೆ. ಜಠರದ ಕ್ಯಾನ್ಸರ್‌ಗೆ ಆಪರೇಷನ್ ಆಯ್ತು, ಸಾಕ್ಷಿ ಹೇಳಿದ್ದಾಯ್ತು, ಹಲ್ಲೆಲೂಯಾ! ಆದರೆ ಮನೆಗೆ ಬಂದ ಮೇಲೆ ಏನು?

ಜಠರ ಪೂರ್ತಿ ತೆಗೆದರೂ ಮನುಷ್ಯ ಬದುಕಬಲ್ಲ. ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸ್ತಾರೆ. ಆಹಾರದ ಸಾರವನ್ನು ಹೀರುವ ಕೆಲಸ ಹೆಚ್ಚಾಗಿ ನಡೆಯೋದು ಆ ಕರುಳಲ್ಲೇ. ನಮ್ಮನ್ನು ಉಂಟುಮಾಡಿದ ದೇವರಿಗೆ ಸ್ತೋತ್ರ! ಆದರೆ ಊಟವನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವ ಚೀಲ ಈಗಿಲ್ಲ. ಒಂದು ಲೋಟ ಪಾಯಸ ಕುಡಿದರೆ ಸಾಕು, ಅದು ಸೀದಾ ಕರುಳಿಗೆ ಇಳಿದು ಬೆವರು, ಎದೆಬಡಿತ, ತಲೆಸುತ್ತು, ಭೇದಿ ಆಗಬಹುದು. ಅದಕ್ಕೇ ಡಾಕ್ಟರು ಹೇಳೋದು: ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು, ಮೊಟ್ಟೆ, ಬೇಳೆ, ಮೀನಿನಂಥದ್ದು ತಪ್ಪದೆ, ನೀರು ಊಟದ ಜೊತೆಗಲ್ಲ, ಅರ್ಧ ಗಂಟೆ ಬಿಟ್ಟು.

ಇನ್ನೊಂದು ಮಾತು. ವಿಟಮಿನ್ ಬಿ12 ಅನ್ನು ಕರುಳು ಹೀರಬೇಕಾದರೆ ಜಠರದಲ್ಲಿ ಹುಟ್ಟುವ ಒಂದು ಪ್ರೋಟೀನ್ ಬೇಕು. ಜಠರವೇ ಇಲ್ಲದಿದ್ದರೆ ಅದೆಲ್ಲಿಂದ ಬರಬೇಕು? ಲಿವರ್‌ನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತೆ. ಅಷ್ಟು ದಿನ ‘ಎಲ್ಲಾ ಚೆನ್ನಾಗಿದೆ’ ಅನಿಸುತ್ತೆ. ಆಮೇಲೆ ರಕ್ತಹೀನತೆ, ಕೈಕಾಲು ಜೋಮು. ಆದ್ದರಿಂದ ಡಾಕ್ಟರು ಬರೆದ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು. ಕಬ್ಬಿಣ, ಕ್ಯಾಲ್ಸಿಯಂ ಕೂಡ ಕಡಿಮೆ ಆಗಬಹುದು. ರಕ್ತ ಪರೀಕ್ಷೆ ಬಿಡಬೇಡಿ.

ಪ್ರಿಯರೇ, ನಮ್ಮಲ್ಲೂ ಎಷ್ಟೋ ಜನ ಹೀಗೇ, ಮೂರು ವರ್ಷದ ಹಿಂದಿನ ಕ್ಯಾಂಪಿನಲ್ಲಿ ತುಂಬಿಸಿಕೊಂಡ ಅಭಿಷೇಕದ ಮೇಲೆ ಬದುಕ್ತಿದ್ದೀರಿ. ದಾಸ್ತಾನು ಮುಗಿಯೋದು ಸದ್ದಿಲ್ಲದೆ. ಅರಣ್ಯದಲ್ಲಿ ಮನ್ನಾ ದಿನದಿನವೂ ಬಿತ್ತು, ದಿನದಿನವೂ ಕೂಡಿಸಬೇಕಾಗಿತ್ತು.

ಹಾಗಾಗಿ ಸಭೆಗೆ ನನ್ನ ಬಿನ್ನಹ. ಇಂಥ ಆಪರೇಷನ್ ಆದವರನ್ನು ಉಪವಾಸ ಪ್ರಾರ್ಥನೆಗೆ ಒತ್ತಾಯ ಮಾಡಬೇಡಿ. ತೂಕ ಇಳಿದವರನ್ನು ನೋಡಿ ‘ನಂಬಿಕೆ ಸಾಲದು’ ಅನ್ನಬೇಡಿ. ಇಂಜೆಕ್ಷನ್ ತಗೊಳ್ಳೋದು ಅವಿಶ್ವಾಸ ಅಲ್ಲ. ಸಾಯಬೇಕು ಅಂತ ಮಲಗಿದ್ದ ಎಲೀಯನನ್ನು ದೂತನು ಗದರಿಸಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಆ ಊಟದ ಬಲದಿಂದಲೇ ಅವನು ನಲವತ್ತು ದಿನ ನಡೆದ.

ತಮ್ಮಂದಿರೇ, ತಂಗಿಯರೇ, ಮುಂದಿನ ಇಂಜೆಕ್ಷನ್ ತಾರೀಖನ್ನು ಇವತ್ತೇ ಫೋನಲ್ಲಿ ಹಾಕಿಕೊಳ್ಳಿ. ಅಪ್ಪ ಎರಡೇ ತುತ್ತಿಗೆ ತಟ್ಟೆ ಸರಿಸಿದರೆ ಬೇಜಾರು ಬೇಡ. ಎರಡು ಗಂಟೆ ಬಿಟ್ಟು ಮತ್ತೆ ಬಡಿಸಿ. ಅದೂ ಆರಾಧನೆಯೇ.

ಕರ್ತನೇ, ಎಬ್ಬಿಸುವ ಕೈ ನಿನ್ನದು, ಉಣಿಸುವ ಕೈ ನಮ್ಮದು. ಈ ಕೈಗಳಿಗೆ ತಾಳ್ಮೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.