ಸರತಿಯ ಕೊನೆಯವರ ಬಚ್ಚಲು

ಸೊರಬ ಸೀಮೆಯ ಕ್ಯಾಸನೂರಿನ ಹೆಸರು ಲೋಕಕ್ಕೆ ಗೊತ್ತಾದದ್ದು ಒಂದು ಕಾಯಿಲೆಯಿಂದ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು, ವೈದ್ಯಗ್ರಂಥಗಳಲ್ಲಿ ಊರಿನ ಹೆಸರೇ ಕಾಯಿಲೆಯ ಹೆಸರಾಗಿ ನಿಂತಿತು; ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಈಗಲೂ ಬೇಸಿಗೆ ಸಮೀಪಿಸಿದಂತೆ ಆರೋಗ್ಯ ಇಲಾಖೆಯವರು ಮಲೆನಾಡಿನ ಊರುಗಳಲ್ಲಿ ಹೇಳುವ ಮಾತು ನಮಗೆಲ್ಲ ಬಾಯಿಪಾಠ: ಕಾಡಿಗೆ ಹೋಗುವ ಮುನ್ನ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ಈ ಕಾಯಿಲೆಯನ್ನು ಹರಡುವ, ಮೈಗೆ ಹತ್ತಿದ ಉಣುಗನ್ನು ಕಳೆದುಕೊಳ್ಳಲು ಬೇರೆ ಸುಲಭದ ದಾರಿ ಯಾವುದಿದೆ?

ಒಳ್ಳೆಯ ಮಾತು. ಆದರೆ ಕೇಳುವವರ ಮನೆಯಲ್ಲಿ ಬಚ್ಚಲಿದೆ, ಅದು ಬೇಕೆಂದಾಗ ತೆರವಾಗಿರುತ್ತದೆ, ಹಂಡೆಯಲ್ಲಿ ನೀರು ಕಾದಿರುತ್ತದೆ ಎಂದು ಆ ಮಾತು ನಂಬಿಕೊಂಡಿದೆ. ಸ್ವಂತ ಮನೆಯವರ ಮಟ್ಟಿಗೆ ಆ ನಂಬಿಕೆ ಸರಿಯಿರಬಹುದು. ನಾಲ್ಕಾರು ಬಿಡಾರಗಳಿಗೆ ಒಂದೇ ಬಚ್ಚಲು, ಒಂದೇ ಕಕ್ಕಸು ಇರುವ ಬಾಡಿಗೆ ಸಾಲುಮನೆಯಲ್ಲಿ ಬದುಕುವವರ ಮಟ್ಟಿಗೆ? ದರಗು ಗುಡಿಸಿ, ಕಟ್ಟಿಗೆ ಹೊತ್ತು ಸಂಜೆ ತಿರುಗಿ ಬಂದ ಹೆಂಗಸಿನ ಮುಂದೆ ಆಗಲೇ ಮೂವರು ತಂಬಿಗೆ ಹಿಡಿದು ನಿಂತಿದ್ದರೆ, 'ಬಂದ ಕೂಡಲೇ' ಎಂಬುದು ಅವಳ ಕೈಯಲ್ಲಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ತಡವಾದ ಸ್ನಾನದ ಬೆಲೆಯನ್ನು ತಡವಾದವಳೊಬ್ಬಳೇ ತೆರಬೇಕು.

ಹಾಗೆ ನೋಡಿದರೆ ಬಚ್ಚಲಿಗೆ ನಮ್ಮಷ್ಟು ಮರ್ಯಾದೆ ಕೊಟ್ಟವರು ಕಡಿಮೆ. ದೀಪಾವಳಿಗೆ ಮುನ್ನ ನೀರು ತುಂಬುವ ಹಬ್ಬವನ್ನೇ ಮಾಡುತ್ತೇವೆ. ಹಂಡೆಯನ್ನು ಉಜ್ಜಿ, ಬಳ್ಳಿ ಸುತ್ತಿ, ಕುಂಕುಮವಿಟ್ಟು, ಹೊಸ ನೀರಿಗೆ ಕೈಮುಗಿಯುತ್ತೇವೆ. ಮಳೆಗಾಲದಲ್ಲಿ ನೆಂಟರು ನೆನೆದು ಬಂದರೆ ಮೊದಲ ಉಪಚಾರ 'ಸ್ನಾನಕ್ಕೆ ನೀರು ಕಾದಿದೆ' ಎಂಬ ಮಾತು. ಅಡಿಕೆ ಸಿಪ್ಪೆಯ ಉರಿಯಲ್ಲಿ ಕಾದ ಆ ನೀರು ದಣಿದ ಮೈಗೆ ಏನು ಮಾಡುತ್ತದೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ನಾವೇ ಬಾಡಿಗೆಗೆಂದು ಸಾಲಾಗಿ ಕೋಣೆ ಕಟ್ಟಿಸುವಾಗ ಬಚ್ಚಲನ್ನು ಏಕೆ ಕಡೆಗೆ ನೆನೆಯುತ್ತೇವೆ? ಜಾಗ ಉಳಿದರೆ, ದುಡ್ಡು ಉಳಿದರೆ, ಮೂಲೆಯಲ್ಲಿ ಒಂದು ತಗಡಿನ ಮರೆ. ನೆಂಟರಿಗೆ ಸಲ್ಲುವ ಬಿಸಿನೀರು ತಿಂಗಳು ತಿಂಗಳು ಬಾಡಿಗೆ ಕೊಡುವವರಿಗೆ ಸಲ್ಲಬಾರದೆಂದು ಯಾವ ಧರ್ಮ ಹೇಳಿದೆ?

ಎಷ್ಟಿದ್ದರೆ ಸಾಕು ಎಂಬುದು ಇಲ್ಲಿಯ ಕಷ್ಟದ ಪ್ರಶ್ನೆ. ಮನೆ ಕಟ್ಟಿಸಿದವರು ತಲೆ ಎಣಿಸುತ್ತಾರೆ: ಹತ್ತು ಜನ, ಒಂದು ಬಚ್ಚಲು, ಒಬ್ಬೊಬ್ಬರಿಗೆ ಹತ್ತು ನಿಮಿಷ, ಸರಿಹೋಯಿತು. ಲೆಕ್ಕ ತಪ್ಪಿಲ್ಲ, ಆದರೆ ಬೆಳಗು ಹಾಗೆ ಪಾಲಾಗುವುದಿಲ್ಲ. ಬಸ್ಸು ಹಿಡಿಯುವ ಕಾಲೇಜು ಹುಡುಗ, ಗಾರೆ ಕೆಲಸದವನು, ಶಾಲೆಯ ಮಕ್ಕಳು ಎಲ್ಲರಿಗೂ ಬೇಕಾದದ್ದು ಅದೇ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಯಾರು ಹಿಂದೆ ಸರಿಯುತ್ತಾರೆ ಎಂದು ನೋಡಬೇಕು. ಸಾಮಾನ್ಯವಾಗಿ ಹೆಂಗಸರು. ಕೆಲವರು ಕತ್ತಲಿರುವಾಗಲೇ ಎದ್ದು ಮುಗಿಸಿಕೊಳ್ಳುತ್ತಾರೆ. ಕೆಲವರು ಹೊತ್ತಲ್ಲದ ಹೊತ್ತಿನಲ್ಲಿ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೂತ್ರದ ಸೋಂಕು, ಉರಿ, ಹೊಟ್ಟೆನೋವುಗಳೊಡನೆ ಆಸ್ಪತ್ರೆಗೆ ಬರುವುದು ಆಮೇಲಿನ ಕತೆ. ಮುಟ್ಟಿನ ದಿನಗಳಲ್ಲಿ ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರೆ ಆ ಅವಸರವನ್ನು ಯಾರೊಡನೆ ಹೇಳಿಕೊಳ್ಳಬೇಕು? ರಾತ್ರಿ ಮೂರು ಸಲ ಏಳುವ ವೃದ್ಧರು, ಭೇದಿಯಾದ ಮಗು, ಬಸುರಿ, ಇವರು ಯಾರೂ ಸರತಿಯನ್ನು ಕಾಯಲಾರರು. ಕಾಯಬೇಕಾಗಿ ಬಂದಾಗ ಕಾಯುತ್ತಾರೆ, ಬಾಯಿ ಬಿಡುವುದಿಲ್ಲ. ಹಾಗಾಗಿ ಸಾಕೋ ಸಾಲದೋ ಎಂದು ಅಳೆಯುವವರು ಸಾಲಿನ ಮೊದಲಿಗರನ್ನು ಕೇಳಿ ಪ್ರಯೋಜನವಿಲ್ಲ. ಕೊನೆಯಲ್ಲಿ ನಿಂತವರು ನೋಯದೆ, ನಾಚದೆ ಒಳಗೆ ಹೋಗಿ ಬರುವಂತಿದ್ದರೆ ಆ ಮನೆಗೆ ಬಚ್ಚಲು ಸಾಕು.

ಒಳಗಿನ ಚಿಲಕವೂ ಸಣ್ಣ ಸಂಗತಿಯಲ್ಲ. ಹಂಚಿಕೊಂಡ ಮನೆಯಲ್ಲಿ ಅಡುಗೆಯ ವಾಸನೆ, ಜಗಳದ ಸದ್ದು, ಕೆಮ್ಮು ಎಲ್ಲವೂ ಗೋಡೆ ದಾಟುತ್ತವೆ. ಮನುಷ್ಯ ತಾನೊಬ್ಬನೇ ಆಗಿ ಉಸಿರಾಡುವುದು ಆ ಚಿಲಕದ ಈಚೆಗೆ ಮಾತ್ರ. ಅಳು ಬಂದರೂ ಅಲ್ಲಿಗೇ ಹೋಗಬೇಕು.

ಬೆಂಗಳೂರಿನ ವಠಾರಗಳನ್ನು ಕಂಡವರಿಗೆ ಇನ್ನೊಂದು ನೆನಪಿರುತ್ತದೆ. 1898ರ ಪ್ಲೇಗು ಆ ನಗರಕ್ಕೆ ಶುಚಿಯ ಪಾಠ ಕಲಿಸಿತು. ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಓಣಿ ಬಿಟ್ಟರು. ಗಾಳಿ ಬೆಳಕು ಬಂತು, ನಿಜ. ಅದೇ ಓಣಿಯಿಂದ ಮಲ ಹೊರುವ ಮನುಷ್ಯರೂ ಬಂದರು; ಮುಂಬಾಗಿಲು ಅವರ ಪಾಲಿಗೆ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸ. ಆದರೆ ನಮ್ಮ ಕೊಳೆಯನ್ನು ಇನ್ಯಾರೋ ತೊಳೆಯಲಿ ಎಂಬ ಮನಸ್ಸು ನಿಷೇಧವಾಯಿತೇ? ಹಂಚಿಕೊಂಡ ಕಕ್ಕಸು ಗಲೀಜಾಗುವುದು ಬಳಸುವವರು ಹೆಚ್ಚಿದ್ದಾರೆಂದಲ್ಲ. ಎಲ್ಲರೂ ಬಳಸಿ, ಯಾರೂ ತಮ್ಮದೆಂದುಕೊಳ್ಳದ ಕಾರಣಕ್ಕೆ. ಅಥವಾ ಮನೆಯ ಒಬ್ಬ ಹೆಣ್ಣುಮಗಳ ಪಾಲಿಗೆ ಆ ಕೆಲಸ ಸದ್ದಿಲ್ಲದೆ ಬಂದು ಬೀಳುವ ಕಾರಣಕ್ಕೆ. ಪೊರಕೆ ಹಿಡಿಯುವ ಸರದಿಯಲ್ಲಿ ಗಂಡಸರ ಹೆಸರೂ ಇರುವ ಸಾಲುಮನೆಗಳು ಎಷ್ಟಿವೆ?

ಕಾನೂನು ಇಲ್ಲಿ ಸ್ವಲ್ಪ ದೂರ ಜೊತೆಗೆ ಬರುತ್ತದೆ. ಕಟ್ಟಡ ಕಾರ್ಮಿಕರಿಗೆ ತಾತ್ಕಾಲಿಕ ವಸತಿ ಕೊಡುವಾಗ ಅಡುಗೆಗೆ, ಸ್ನಾನಕ್ಕೆ, ಬಟ್ಟೆ ತೊಳೆಯಲು, ಶೌಚಕ್ಕೆ ಅನುಕೂಲವಿರಬೇಕೆಂದು 1996ರ ಕಾಯ್ದೆ ಹೇಳಿತ್ತು. ಆದರೆ ಬೆಳಿಗ್ಗೆ ಐದೂವರೆಗೆ ಬಾಗಿಲ ಮುಂದೆ ನಿಂತವರಲ್ಲಿ ಯಾರಿಗೆ ಯಾರು ದಾರಿ ಬಿಡಬೇಕೆಂಬುದನ್ನು ಯಾವ ಕಲಮೂ ಬರೆದಿಟ್ಟಿಲ್ಲ.

ಮನೆಯನ್ನು ಬಾಡಿಗೆಗೆ ಕೊಡುವವರೆಲ್ಲ ಸಿರಿವಂತರಲ್ಲ. ಎರಡು ಕೋಣೆಯ ಬಾಡಿಗೆಯಲ್ಲೇ ಔಷಧಿ ಖರ್ಚು ತೂಗಿಸುವ ವಿಧವೆಯರು ನಮ್ಮ ಊರುಗಳಲ್ಲೂ ಇದ್ದಾರೆ. ಇಷ್ಟು ಮಳೆ ಸುರಿಯುವ ಸೀಮೆಯಲ್ಲೂ ಬೇಸಿಗೆಗೆ ಬಾವಿ ತಳ ಕಾಣುತ್ತದೆ, ಇನ್ನೊಂದು ಗುಂಡಿ ತೋಡಿಸುವುದೆಂದರೆ ಸಾಲ. ಅವರ ಕಷ್ಟವನ್ನು ಬದಿಗಿಟ್ಟು ಮಾತಾಡುವುದು ನ್ಯಾಯವಲ್ಲ. ಆದರೂ ಬಚ್ಚಲನ್ನೂ ಕಕ್ಕಸನ್ನೂ ಬೇರೆಬೇರೆ ಮಾಡಿಸಿದರೆ ಇರುವ ಜಾಗದಲ್ಲೇ ಒಮ್ಮೆಗೆ ಇಬ್ಬರು ಒಳಗೆ ಹೋಗಬಹುದು. ಒಂದು ಗಟ್ಟಿ ಚಿಲಕ, ರಾತ್ರಿಗೊಂದು ದೀಪ, ಕಾಡಿನಿಂದ ಬಂದವರಿಗೆ ಮೊದಲ ಬಿಸಿನೀರು ಎಂಬ ಒಡಂಬಡಿಕೆ, ಇವಕ್ಕೆ ದೊಡ್ಡ ಸಾಲ ಬೇಕಾಗಿಲ್ಲ.

ಬಾಡಿಗೆ ಕರಾರಿನಲ್ಲಿ ಮುಂಗಡ, ಕರೆಂಟು ಬಿಲ್ಲು, ಸುಣ್ಣಬಣ್ಣ ಎಲ್ಲವನ್ನೂ ಬರೆಯುತ್ತೇವೆ. ಒಂದು ಬಚ್ಚಲನ್ನು ಎಷ್ಟು ಮನೆ ಹಂಚಿಕೊಳ್ಳುತ್ತವೆ, ನೀರು ಎಷ್ಟು ಹೊತ್ತು, ತೊಳೆಯುವ ಸರದಿ ಹೇಗೆ ಎಂಬುದನ್ನೂ ಬರೆಯೋಣ. ಮಾತುಕತೆಯನ್ನು ಗಂಡಸರಿಬ್ಬರೇ ಜಗಲಿಯಲ್ಲಿ ಕೂತು ಮುಗಿಸದೆ, ಆ ಮನೆಯಲ್ಲಿ ಬದುಕಬೇಕಾದ ಹೆಂಗಸರನ್ನೂ ವೃದ್ಧರನ್ನೂ ಕರೆದು, ಮೊದಲು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸೋಣ.