ಸಿಗದ ಕರೆ

ಫೋನ್ ಮಾಡಿದರೆ ಎತ್ತಬೇಕು, ಎತ್ತದಿದ್ದರೆ ಅದು ಅಲಕ್ಷ್ಯ. ನಮ್ಮ ಮನೆಗಳಲ್ಲಿ ಈಗ ಇದೇ ನ್ಯಾಯ. ಮಗಳು ಎರಡು ಸಲ ಎತ್ತದಿದ್ದರೆ ನನಗೂ ಸಿಟ್ಟು ಬರುತ್ತದೆ. ಈ ನ್ಯಾಯ ಎಷ್ಟು ಸರಿ ಎಂದು ಮೊದಲ ಸಲ ಯೋಚಿಸಿದ್ದು 2018ರ ಆಗಸ್ಟಿನಲ್ಲಿ, ಕೊಡಗಿನ ಗುಡ್ಡಗಳು ಕುಸಿದಾಗ.

ಅಕ್ಕನ ಮನೆ ಮಕ್ಕಂದೂರಿನ ಕಡೆ. ನಾನು ಮೈಸೂರಿನಲ್ಲಿ ಟಿ.ವಿ.ಯ ಮುಂದೆ ಕೂತು ಅವಳ ನಂಬರು ಒತ್ತುತ್ತಲೇ ಇದ್ದೆ. ವ್ಯಾಪ್ತಿ ಪ್ರದೇಶದ ಹೊರಗೆ ಎಂಬ ಉತ್ತರ ಬಿಟ್ಟರೆ ಬೇರೇನಿಲ್ಲ. "ಚೆನ್ನಾಗಿದೀನಿ ಅಂತ ಒಂದು ಮಾತು ಹೇಳೋಕೆ ಅವಳಿಗೇನು ಕಷ್ಟ?" ಎಂದು ತಮ್ಮ ರೇಗಿದ. ನಾನೂ ಹೂಂಗುಟ್ಟಿದೆ. ಹೆದರಿಕೆ ಸಿಟ್ಟಾಗಿ ಹೊರಬರುತ್ತಿತ್ತು.

ಟವರು ನಡೆಯುವುದು ಕರೆಂಟಿನಿಂದ. ಕರೆಂಟು ಹೋದರೆ ಬ್ಯಾಟರಿ ಕೆಲವು ಗಂಟೆ, ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ಡೀಸೆಲ್ ತರುವ ರಸ್ತೆಯೇ ಕುಸಿದಿದ್ದರೆ? ಉಳಿದ ಟವರಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಆಗ ಮಾತು ಹೋಗದಿದ್ದರೂ ಚುಟುಕು ಎಸ್ಸೆಮ್ಮೆಸ್ಸು ಕೆಲವೊಮ್ಮೆ ಹೋಗುತ್ತದೆ. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಬೇರೆ ಕಂಪನಿಯ ಟವರಿನಿಂದ ಕರೆ ಹೋಗಬಹುದು. ಯಾವ ಟವರೂ ಇಲ್ಲದಿದ್ದರೆ ಅದೂ ಇಲ್ಲ. ಇದೆಲ್ಲ ತಿಳಿದದ್ದು ಆಮೇಲೆ. ನಾನು ಒತ್ತಿದ ಆ ನೂರು ಕರೆಗಳು ಅಲ್ಲಿ ಸಿಕ್ಕಿಬಿದ್ದ ಇನ್ಯಾರದೋ ಕರೆಗೆ ಅಡ್ಡ ಬಂದವೋ ಏನೋ.

ಆ ರಾತ್ರಿ ಇನ್ನೊಂದು ಸಂಗತಿ ಚುಚ್ಚಿತು. ಅಕ್ಕ ಸಿಗದಿದ್ದರೆ ಬೇರೆ ಯಾರನ್ನು ಕೇಳಲಿ? ಅವಳ ಪಕ್ಕದ ಮನೆಯವರ ಹೆಸರಾಗಲಿ, ಮಡಿಕೇರಿಯಲ್ಲಿ ಅವಳು ಸಾಮಾನು ತರುವ ಅಂಗಡಿಯಾಗಲಿ ನನಗೆ ಗೊತ್ತಿರಲಿಲ್ಲ. ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದ ಕಾಲದಲ್ಲಿ ಪಕ್ಕದ ಮನೆಯ ಹಸು ಕರು ಹಾಕಿದ್ದೂ ತಿಳಿಯುತ್ತಿತ್ತು. ಫೋನು ಬಂದ ಮೇಲೆ ಅಕ್ಕ ದಿನವೂ ಸಿಕ್ಕಳು, ಅವಳ ಊರು ನನ್ನ ಕೈಬಿಟ್ಟುಹೋಯಿತು.

ಮೂರನೆಯ ದಿನ ನಮ್ಮ ಹಳೆಯ ಲ್ಯಾಂಡ್‌ಲೈನು ಬಡಿದುಕೊಂಡಿತು. ಪರಿಹಾರ ಕೇಂದ್ರದಲ್ಲಿ ಯಾರದೋ ಫೋನು ಕೇಳಿ ಪಡೆದು ಅಕ್ಕ ಮಾತಾಡುತ್ತಿದ್ದಳು. "ನಿನ್ನ ಭಾವನೂ ನಾನೂ ಪಕ್ಕದ ಮನೆ ಅಜ್ಜೀನ ಕುರ್ಚೀಲಿ ಕೂರಿಸಿ ಹೊತ್ಕೊಂಡು ಬಂದ್ವಿ ಕಣೇ. ಫೋನು ಮನೇಲೇ ಉಳೀತು. ಈ ನಂಬರೊಂದೇ ನೆನಪಿದ್ದಿದ್ದು."

ನಾವು ರೇಗುತ್ತಿದ್ದ ಹೊತ್ತಿಗೆ ಅವಳು ಅಜ್ಜಿಯನ್ನು ಹೊತ್ತಿದ್ದಳು. ಫೋನು ಬೇಡವೆಂದು ನಾನು ಹೇಳುವುದಿಲ್ಲ. ಅದು ಸುಮ್ಮನಾದಾಗ ಆ ಕಡೆಯವರನ್ನು ತಪ್ಪಿತಸ್ಥರೆನ್ನುವ ಹಕ್ಕು ಮಾತ್ರ ನಮಗಿಲ್ಲ.

ಈಗ ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಅಕ್ಕನ ನೆರೆಯವರ ಹೆಸರುಗಳನ್ನು ಬರೆದಿಟ್ಟಿದ್ದೇನೆ. ಆ ಅಜ್ಜಿಯ ಹೆಸರೂ ಇದೆ. ಅವರಿಗೆ ಫೋನಿಲ್ಲ.