ಆಗುವುದು ಆಗೇ ಆಗುತ್ತದೆಯೇ?

ರಸಾಯನಶಾಸ್ತ್ರದ ಗೈಡುಗಳಲ್ಲಿ ಒಂದು ವಾಕ್ಯ ವರ್ಷಗಳಿಂದ ಕದಲದೆ ಕೂತಿದೆ: ವೇಗವರ್ಧಕವು ತಾನು ಭಾಗವಹಿಸದೆ ಕ್ರಿಯೆಯ ವೇಗವನ್ನು ಮಾತ್ರ ಹೆಚ್ಚಿಸುತ್ತದೆ. ಎರಡು ಅಂಕದ ಉತ್ತರಕ್ಕೆ ಅದು ಸಾಕು. ನನಗೆ ಸಿಟ್ಟು ಬರುವುದು ಆ ವಾಕ್ಯ ಬೆನ್ನಿಗೆ ಕಟ್ಟಿಕೊಂಡು ಬರುವ ನಂಬಿಕೆಯ ಮೇಲೆ. ಕ್ರಿಯೆ ಎಲ್ಲಿಗೆ ಹೋಗಿ ಮುಟ್ಟಬೇಕೆಂಬುದು ಮೊದಲೇ ತೀರ್ಮಾನವಾಗಿದೆ. ಎಷ್ಟು ಹೊತ್ತಿನಲ್ಲಿ, ಯಾವ ದಾರಿ ಹಿಡಿದು ಎಂಬುದೆಲ್ಲ ಮೇಲಿನ ವಿವರ. ಅಸಲು ಸಂಗತಿ ಕೊನೆಯ ಸ್ಥಿತಿ ಎಂಬ ನಂಬಿಕೆ ಅದು. ಪಾಠದ ಕೋಣೆಯಿಂದ ಹೊರಬಿದ್ದರೆ ಇದೇ ‘ಆಗೂದು ಆಗೇ ಆಗತೈತಿ, ಇವತ್ತಲ್ಲ ನಾಳೆ’ ಎನ್ನುವ ಕಟ್ಟೆಯ ಮಾತು. ಕಟ್ಟೆಯ ಮೇಲೆ ಕೂತವರು ಹಾಗೆಂದರೆ ಬಿಡಬಹುದು, ಅವರಿಗೆ ಹೊತ್ತು ಹೋಗಬೇಕು. ವಿಜ್ಞಾನ ಓದಿದವರು, ಅದರಲ್ಲೂ ಸಮೀರವಾಡಿ, ಮಹಾಲಿಂಗಪುರ, ಮುಧೋಳದ ಸುತ್ತಿನವರು ಹಾಗೆನ್ನುವುದು ವಿಚಿತ್ರ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಇಲ್ಲಿಯ ರಸ್ತೆ, ಸಾಲ, ಜಗಳ, ನಿದ್ದೆ ಎಲ್ಲವೂ ಒಂದು ರಾಸಾಯನಿಕ ಕ್ರಿಯೆಗಿಂತ ಮುಂದೆ ಓಡುವ ಧಾವಂತಕ್ಕೆ ಸಿಗುತ್ತವೆ. ವೇಗವೆಂಬುದು ಸಂಗತಿಯ ವಿವರವಲ್ಲ, ಅದೇ ಸಂಗತಿ ಎಂದು ಇಲ್ಲಿ ವಾದಿಸಹೊರಟಿದ್ದೇನೆ.

ಕಡಿದ ಕಬ್ಬು ಸತ್ತಿರುವುದಿಲ್ಲ. ಗ್ಯಾಂಗಿನವರು ಬುಡಕ್ಕೆ ಕೊಯ್ತಾ ಹಾಕಿ, ರವದಿ ಸುಲಿದು, ತುದಿ ಸವರಿ, ಹೊರೆ ಕಟ್ಟಿ ಟ್ರೇಲರಿಗೆ ಏರಿಸಿದ ಮೇಲೂ ಅದರ ಕೋಶಗಳು ಉಸಿರಾಡುತ್ತಲೇ ಇರುತ್ತವೆ. ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ನಡುವೆ ಆಮ್ಲಜನಕದ ಒಂದು ಪರಮಾಣು ಬೆಸೆದ ಜೋಡಿ. ಕಬ್ಬಿನೊಳಗೇ ಇರುವ ಇನ್ವರ್ಟೇಸ್ ಎಂಬ ಕಿಣ್ವ ಆ ಬೆಸುಗೆಯನ್ನು ನೀರಿನಿಂದ ಬಿಡಿಸುತ್ತದೆ. ಬೇರೆಯಾದ ಎರಡೂ ಸಿಹಿಯೇ. ಆದರೆ ಕಾರ್ಖಾನೆಯ ಪ್ಯಾನಿನಲ್ಲಿ ಸಕ್ಕರೆಯ ಹರಳಾಗಿ ಕೂರುವುದಿಲ್ಲ, ಕಾಕಂಬಿಯ ಜೊತೆ ಹೋಗಿಬಿಡುತ್ತವೆ. ಇತ್ತ ಕೊಯ್ದ ತುದಿಗಳಿಂದ ಲ್ಯೂಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಬೆಂಕಿ ಬಿದ್ದ ಹೊಲದ ಕಬ್ಬಾದರೆ ಮೇಲಿನ ಮೇಣ ಸುಟ್ಟು, ಕೋಶಗಳು ಒಡೆದು, ಅದಕ್ಕೆ ಬಾಗಿಲು ಇನ್ನೂ ಅಗಲ. ಬಿಸಿಲಿಗೆ ನೀರು ಆರಿ ತೂಕವೂ ಇಳಿಯುತ್ತದೆ. ತೂಕದ ನಷ್ಟ ಕಾಟಾದ ಮೇಲೆ ರೈತನ ಕಣ್ಣಿಗೆ ಬೀಳುತ್ತದೆ. ಸಕ್ಕರೆಯ ನಷ್ಟ ಹಾಗೆ ಬೀಳುವುದಿಲ್ಲ, ಯಾಕೆಂದರೆ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಗೊತ್ತುಮಾಡುವ ಕನಿಷ್ಠ ದರ) ಲೆಕ್ಕ ನಿಂತಿರುವುದು ಇಡೀ ಕಾರ್ಖಾನೆಯ ಸರಾಸರಿ ರಿಕವರಿಯ, ಅಂದರೆ ಕಬ್ಬಿನ ತೂಕದಲ್ಲಿ ಕೈಗೆ ಸಿಕ್ಕ ಸಕ್ಕರೆಯ ಪಾಲಿನ, ಮೇಲೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕ್ವಿಂಟಲಿಗೆ 355 ರೂಪಾಯಿ ಎಂಬುದು ಶೇಕಡಾ 10.25 ರಿಕವರಿಗೆ ಹೇಳಿದ ದರ. ಹೀಗಾಗಿ ಯಾರ್ಡಿನಲ್ಲಿ ದಿನಗಟ್ಟಲೆ ನಿಂತ ಒಂದು ಟ್ರೇಲರಿನೊಳಗೆ ನಡೆದ ಕ್ರಿಯೆಯ ಬಿಲ್ಲನ್ನು ಸುತ್ತಿನ ಕಬ್ಬಿನವರೆಲ್ಲ ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ. ಆಗುವುದು ಆಗೇ ಆಗುತ್ತದೆ ಎಂಬ ತತ್ವಕ್ಕೆ ಈ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ. ಇರುವುದು ಎಷ್ಟು ತಾಸಿನಲ್ಲಿ ಎಷ್ಟು ಎಂಬುದೊಂದೇ.

ಕ್ರಿಯೆಯ ವೇಗವನ್ನು ಲೆಕ್ಕಕ್ಕೆ ಕಟ್ಟಬಹುದೆಂದು ಜಗತ್ತಿಗೆ ಗೊತ್ತಾದದ್ದೂ ಇದೇ ಸಕ್ಕರೆಯಿಂದ. ಸುಕ್ರೋಸ್ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಅದು ಬಿಡಿಸಿಕೊಂಡ ಮಿಶ್ರಣ ಎಡಕ್ಕೆ. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಸಕ್ಕರೆ ನೀರಿಗೆ ಆಮ್ಲ ಸೇರಿಸಿ ಪೋಲರಿಮೀಟರಿನಲ್ಲಿಟ್ಟು, ಆ ಕೋನ ಬಲದಿಂದ ಇಳಿಯುತ್ತ ಸೊನ್ನೆ ದಾಟಿ ಎಡಕ್ಕೆ ಸರಿಯುವುದನ್ನು ಹೊತ್ತಿನ ಜೊತೆ ಹೊಂದಿಸಿ ನೋಡಿದ. ಉಳಿದ ಸಕ್ಕರೆ ಎಷ್ಟೋ ವೇಗವೂ ಅದಕ್ಕೆ ತಕ್ಕಷ್ಟೇ ಎಂಬ ನಿಯಮ ಸಿಕ್ಕಿತು. ನಮ್ಮ ಕಾರ್ಖಾನೆಗಳ ಲ್ಯಾಬಿನಲ್ಲಿ ಇವತ್ತಿಗೂ ‘ಪೋಲ್’ ಎಂದು ಬರೆಯುವ ಅಂಕಿ ಬರುವುದು ಅದೇ ಬಗೆಯ ಸಲಕರಣೆಯಿಂದ. 1889ರಲ್ಲಿ ಅರ್ಹೇನಿಯಸ್ ಶಾಖಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಸಮೀಕರಣಕ್ಕೆ ತಂದದ್ದು ಸಕ್ಕರೆಯ ಇನ್ವರ್ಷನ್, ಅಂದರೆ ಇದೇ ಬಿಡಿಸಿಕೊಳ್ಳುವಿಕೆ, ಕುರಿತ ಲೇಖನದಲ್ಲಿ. 1913ರಲ್ಲಿ ಬರ್ಲಿನ್‌ನಲ್ಲಿ ಮೈಕೇಲಿಸ್ ಮತ್ತು ಮೆಂಟನ್ ಕಿಣ್ವಗಳ ವೇಗದ ಸೂತ್ರ ಕಟ್ಟಿದ್ದು ಇನ್ವರ್ಟೇಸ್ ಮೇಲೆ. ಇಂಥದೇ ಪ್ರಶ್ನೆ ನಮ್ಮ ಹಳೆಯ ದರ್ಶನಗಳಲ್ಲೂ ಬಂದಿತ್ತು: ವೈಶೇಷಿಕರು ಮಡಕೆ ಸುಡುವಾಗ ಪರಮಾಣುಗಳು ಬಿಡಿಯಾಗಿ ಬಣ್ಣ ಬದಲಿಸಿ ಮತ್ತೆ ಕೂಡುತ್ತವೆ ಎಂದರು, ನೈಯಾಯಿಕರು ಇಡೀ ಮಡಕೆಯೇ ಬದಲಾಗುತ್ತದೆ ಎಂದರು. ಅದಕ್ಕೆ ಎಷ್ಟು ಕ್ಷಣ ಬೇಕೆಂದೂ ಎಣಿಸಿದರು, ಆದರೆ ತರ್ಕದಿಂದ. ಆವಿಗೆಯ ಬಳಿ ಕೂತಲ್ಲ. ದೈವವೋ ಪುರುಷಕಾರವೋ ಎಂಬ ಹಳೆಯ ಚರ್ಚೆಯನ್ನು ನಾನು ಎತ್ತಿಕೊಳ್ಳುವುದಿಲ್ಲ. ಅಲ್ಲಿ ಎರಡೂ ಕಡೆಯವರು ಗೆದ್ದೇ ಏಳುತ್ತಾರೆ.

ಕುಸ್ತಿಗೆ ತಕ್ಕ ಎದುರಾಳಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್. ವೇಗವರ್ಧನೆ, ಸಮತೋಲ ಮತ್ತು ಕ್ರಿಯೆಗಳ ವೇಗದ ಕೆಲಸಕ್ಕಾಗಿ 1909ರ ನೊಬೆಲ್ ಪಡೆದವನು. ಗೈಡಿನ ವಾಕ್ಯ ಅವನ ವ್ಯಾಖ್ಯೆಯ ಸವೆದ ನಕಲು. ವೇಗವರ್ಧಕ ಹೊಸದೇನನ್ನೂ ಶುರುಮಾಡುವುದಿಲ್ಲ, ಅದಿಲ್ಲದೆಯೂ ನಿಧಾನವಾಗಿ ನಡೆಯುತ್ತಿರುವುದನ್ನೇ ಬೇಗ ಮುಗಿಸುತ್ತದೆ ಎಂಬುದು ಅವನ ನಿಲುವು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಅವನಿಗೆ ಮುಂಚೆ ಬರ್ಜೀಲಿಯಸ್ ಹೇಳಿದ್ದ ‘ವೇಗವರ್ಧಕ ಶಕ್ತಿ’ ಎಂಬುದು ಹೆಚ್ಚುಕಡಿಮೆ ಮಂತ್ರಶಕ್ತಿಯಂತಿತ್ತು. ಎಲ್ಲವನ್ನೂ ವಿವರಿಸುತ್ತಿತ್ತು, ಯಾವುದನ್ನೂ ಅಳೆಯಲು ಬಿಡುತ್ತಿರಲಿಲ್ಲ. ಓಸ್ಟ್‌ವಾಲ್ಡ್ ಆ ಮಂತ್ರವನ್ನು ಕಿತ್ತು ಆ ಜಾಗದಲ್ಲಿ ವೇಗವನ್ನು ಕೂರಿಸಿದ. ವೇಗವರ್ಧಕ ಸಮತೋಲದ ಬಿಂದುವನ್ನು ಕದಲಿಸಲಾರದು ಎಂಬ ಅವನ ಮಾತೂ ಅಚ್ಚುಕಟ್ಟು. ಕದಲಿಸುವಂತಿದ್ದರೆ ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ಬಿಟ್ಟಿ ಶಕ್ತಿ ಹಿಂಡಿಕೊಳ್ಳಬಹುದಿತ್ತು. ಮುಂದೆ ಹೋಗುವುದನ್ನು ಎಷ್ಟು ಬಿರುಸಾಗಿಸುತ್ತದೋ ಹಿಂದೆ ಬರುವುದನ್ನೂ ಅಷ್ಟೇ ಬಿರುಸಾಗಿಸಲೇಬೇಕು. ಸಾಲದ್ದಕ್ಕೆ, ಮೂರು ದಶಕ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ವಿಲ್ಹೆಲ್ಮಿಯ ಲೇಖನವನ್ನು ಮತ್ತೆ ಬೆಳಕಿಗೆ ತಂದವನೂ ಇವನೇ. ವೇಗದ ಪರವಾಗಿ ವಾದಿಸುವ ನಾನು ವೇಗ ಅಳೆಯುವುದನ್ನು ಕಲಿಸಿದವನ ಮೇಲೇ ಎಗರುತ್ತಿದ್ದೇನೆ.

ಆದರೂ ಎಗರಬೇಕು. ಸಕ್ಕರೆಯ ‘ಕೊನೆಯ ಸ್ಥಿತಿ’ ಯಾವುದು ಎಂದು ಕೇಳಿ ನೋಡಿ. ಗ್ಲೂಕೋಸ್, ಫ್ರಕ್ಟೋಸ್ ಅಲ್ಲ. ಡಿಸ್ಟಿಲರಿಯ ಈಥೆನಾಲ್ ಕೂಡ ಅಲ್ಲ. ಗಾಳಿಯಲ್ಲಿ ಆಮ್ಲಜನಕ ಇರುವ ತನಕ ಇವೆಲ್ಲದರ ಕೊನೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಆ ಲೆಕ್ಕದಲ್ಲಿ ಸಮೀರವಾಡಿಯ ಗೋದಾಮಿನ ಸಕ್ಕರೆ ಚೀಲ, ಮಹಾಲಿಂಗಪುರದ ಪೇಟೆಯ ಬೆಲ್ಲ, ಅದನ್ನು ಹೊರುವ ಹಮಾಲ, ಎಲ್ಲರೂ ದಾರಿಯಲ್ಲಿ ತಡವಾದವರು. ಉಷ್ಣಬಲಶಾಸ್ತ್ರ ಹೊರಡಿ ಎನ್ನುತ್ತದೆ, ವೇಗ ಹೊರಡಗೊಡುವುದಿಲ್ಲ. ನಾವು ತಿನ್ನುವುದು, ಮಾರುವುದು, ಉಡುವುದೆಲ್ಲ ಹೀಗೆ ಮುಗಿಯದೆ ಉಳಿದ ಕ್ರಿಯೆಗಳನ್ನು. ಕಾರ್ಖಾನೆಯ ಕೆಲಸವೂ ಕ್ರಿಯೆಯನ್ನು ನಿಲ್ಲಿಸುವುದಲ್ಲ, ವೇಗಗಳ ನಡುವೆ ಆರಿಸುವುದು. ಹಿಂಡಿದ ಕಬ್ಬಿನ ಹಾಲು ತುಸು ಹುಳಿ, ಪಿಎಚ್ ಐದರ ಮೇಲೆ ಸ್ವಲ್ಪ. ಹಾಗೇ ಕುದಿಸಿದರೆ ವಿಲ್ಹೆಲ್ಮಿಯ ಪ್ರಯೋಗವೇ ದೊಡ್ಡ ಪ್ರಮಾಣದಲ್ಲಿ ನಡೆದುಬಿಡುತ್ತದೆ. ಈ ಕ್ರಿಯೆ ಹತ್ತು ಡಿಗ್ರಿ ಶಾಖ ಏರಿದರೆ ಮೂರೂವರೆ, ನಾಲ್ಕು ಪಟ್ಟು ಬಿರುಸಾಗುವಂಥದ್ದು. ಅದಕ್ಕೇ ಮೊದಲು ಸುಣ್ಣದ ಹಾಲು ಬೆರೆಸಿ ಏಳರ ಹತ್ತಿರ ತರುತ್ತಾರೆ. ಗಾಣದ ಕೊಪ್ಪರಿಗೆಯಲ್ಲಿ ಬೆಲ್ಲ ಕಾಯಿಸುವವರು ಚಿಟಿಕೆ ಲೆಕ್ಕದಲ್ಲಿ ಹಾಕುವುದೂ ಅದೇ. ಸುಣ್ಣ ಕೈತಪ್ಪಿ ಹೆಚ್ಚಾದರೆ ಸುಕ್ರೋಸ್ ಉಳಿಯುತ್ತದೆ, ಆದರೆ ಆಗಲೇ ಬಿಡಿಯಾಗಿದ್ದ ಗ್ಲೂಕೋಸ್ ಫ್ರಕ್ಟೋಸ್‌ಗಳು ಮುರಿದು ಬೆಲ್ಲ ಕಪ್ಪಾಗುತ್ತದೆ. ಒಂದು ಕ್ರಿಯೆಯ ಕೈ ಹಿಡಿದರೆ ಇನ್ನೊಂದರ ಕಾಲಿಗೆ ಬಲ ಬರುತ್ತದೆ. ಇನ್ನು ಸಕ್ಕರೆ ವಿಭಾಗದವರು ನಷ್ಟವೆಂದು ಬರೆದುಕೊಳ್ಳುವ ಇನ್ವರ್ಷನ್ ಡಿಸ್ಟಿಲರಿಯವರಿಗೆ ನಷ್ಟವೇ ಅಲ್ಲ. ಯೀಸ್ಟ್ ಹೇಗೂ ಸುಕ್ರೋಸನ್ನು ಒಡೆದೇ ಬಳಸುತ್ತದೆ. ಒಂದೇ ಕಾಂಪೌಂಡಿನೊಳಗೆ ಎರಡು ಕೊನೆಗಳು.

ಓಸ್ಟ್‌ವಾಲ್ಡ್‌ನ ಇನ್ನೊಂದು ಮಾತು, ಮೊದಲೇ ನಡೆಯುತ್ತಿರುವುದನ್ನು ಬೇಗ ಮಾಡುವುದಷ್ಟೇ ಎಂಬುದು, ಇನ್ನೂ ದುರ್ಬಲ. ಇನ್ವರ್ಟೇಸ್ ಪಕ್ಕದಲ್ಲಿ ನಿಂತು ಹುರಿದುಂಬಿಸುವುದಿಲ್ಲ. ಸುಕ್ರೋಸಿನ ಬೆಸುಗೆ ಯಾವ ಬದಿಯಲ್ಲಿ ಬಿಡುತ್ತದೆಂದು 1954ರಲ್ಲಿ ಕೋಶ್‌ಲ್ಯಾಂಡ್ ಮತ್ತು ಸ್ಟೈನ್ ಭಾರವಾದ ಆಮ್ಲಜನಕವಿರುವ ನೀರು ಬಳಸಿ ತೋರಿಸಿದರು: ಫ್ರಕ್ಟೋಸಿನ ಬದಿಯಲ್ಲಿ. ಬಿಟ್ಟ ಫ್ರಕ್ಟೋಸ್ ಒಂದು ಗಳಿಗೆ ಕಿಣ್ವಕ್ಕೇ ಅಂಟಿಕೊಂಡು, ಆಮೇಲೆ ನೀರಿಗೆ ಕೈಬದಲಾಗುತ್ತದೆ. ಸಕ್ಕರೆಯ ಪಾಕ ಗಟ್ಟಿಯಾಗಿದ್ದರೆ ನೀರಿನ ಬದಲು ಇನ್ನೊಂದು ಸುಕ್ರೋಸಿಗೇ ಹೋಗಿ ಸೇರುವುದೂ ಉಂಟು. ಆಗ ಹುಟ್ಟುವುದು ಮೂರು ತುಂಡಿನ ಬೇರೆಯೇ ಸಕ್ಕರೆ. ಅದೇ ಸುಕ್ರೋಸ್ ಲ್ಯೂಕೋನೋಸ್ಟಾಕ್‌ನ ಕಿಣ್ವಕ್ಕೆ ಸಿಕ್ಕರೆ ಗ್ಲೂಕೋಸುಗಳು ಸರಪಳಿಯಾಗಿ ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗುತ್ತವೆ. ರಸ ಅಂಟಂಟಾಗಿ ಸೋಸುವುದೂ ಕಷ್ಟ, ಹರಳು ಕಟ್ಟುವುದೂ ಕಷ್ಟ. ಹೊರಟದ್ದು ಒಂದೇ ವಸ್ತು, ಮುಟ್ಟಿದ ಊರು ಬೇರೆ ಬೇರೆ. ಯಾವ ಊರು ಎಂಬುದನ್ನು ತೀರ್ಮಾನಿಸಿದ್ದು ಅಲ್ಲಿ ಯಾವ ಕಿಣ್ವ ಇತ್ತು ಎಂಬುದು. ಇದು ಓಸ್ಟ್‌ವಾಲ್ಡ್‌ಗೆ ಹೊಳೆಯದ ಸಂಗತಿಯಲ್ಲ. 1897ರಲ್ಲಿ ಅವನೇ ಹೇಳಿದ ಹಂತಗಳ ನಿಯಮದ ತಿರುಳು ಇದು: ವಸ್ತುಗಳು ಅತಿ ಸ್ಥಿರವಾದ ಸ್ಥಿತಿಗೆ ನೇರ ಹಾರುವುದಿಲ್ಲ, ಹತ್ತಿರದ ಕಡಿಮೆ ಸ್ಥಿರದ್ದನ್ನು ಮೊದಲು ಹಿಡಿಯುತ್ತವೆ. ಕೊನೆ ದಾರಿಯನ್ನು ತೀರ್ಮಾನಿಸುವುದಿಲ್ಲ ಎಂದು ತಾನೇ ಬರೆದವನು ವೇಗವರ್ಧಕದ ವಿಚಾರ ಬಂದಾಗ ದಾರಿಯ ಮಾತನ್ನೇ ಯಾಕೆ ಒಲ್ಲೆನೆಂದ?

ಇಲ್ಲಿ ನನ್ನ ವಾದಕ್ಕೆ ಬಿಗಿ ತಪ್ಪುತ್ತದೆ, ಯಾಕೆಂದರೆ ಅವನ ಹಿಂಜರಿಕೆಗೆ ಒಳ್ಳೆಯ ಕಾರಣವಿತ್ತು. ಹೆಚ್ಚುಕಡಿಮೆ 1908ರ ತನಕ ಅವನು ಪರಮಾಣುಗಳನ್ನೇ ನಂಬಿರಲಿಲ್ಲ. ಅದು ಹಟ ಎನ್ನೋಣ. ಆದರೆ ವೇಗ ಕಾಣುತ್ತದೆ, ದಾರಿ ಕಾಣುವುದಿಲ್ಲ ಎಂಬುದು ಹಟವಲ್ಲ. ವಿಲ್ಹೆಲ್ಮಿಯ ನಿಯಮವನ್ನೇ ನೋಡಿ: ಕ್ರಿಯೆಯಲ್ಲಿ ನೀರು ಖರ್ಚಾಗುತ್ತದೆ, ಆದರೆ ಸಮೀಕರಣದಲ್ಲಿ ನೀರಿನ ಹೆಸರಿಲ್ಲ. ಅಷ್ಟೊಂದು ಇರುವುದರಿಂದ ಅದರ ಇಳಿಕೆ ಅಳತೆಗೆ ಸಿಗುವುದೇ ಇಲ್ಲ. ಬರೀ ವೇಗದಿಂದ ದಾರಿಯನ್ನು ಊಹಿಸಿದವನು ನೀರನ್ನೇ ಬಿಟ್ಟುಬಿಡುತ್ತಿದ್ದ. ಮೈಕೇಲಿಸ್, ಮೆಂಟನ್ ಕಿಣ್ವವೂ ಸಕ್ಕರೆಯೂ ಮೊದಲು ಸಮತೋಲಕ್ಕೆ ಬಂದು ಕೂಡುತ್ತವೆಂದು ಇಟ್ಟುಕೊಂಡು ಸೂತ್ರ ಬರೆದರು. 1925ರಲ್ಲಿ ಬ್ರಿಗ್ಸ್ ಮತ್ತು ಹಾಲ್ಡೇನ್ (ಮುಂದೆ ಭಾರತಕ್ಕೇ ಬಂದು ನೆಲೆಸಿದ ಅದೇ ಜೆ.ಬಿ.ಎಸ್. ಹಾಲ್ಡೇನ್) ಆ ಸಮತೋಲ ಬೇಕಿಲ್ಲ ಎಂದು ಬೇರೆ ಕಥೆ ಹೇಳಿದರು; ಬಂದದ್ದು ಅದೇ ರೂಪದ ಸೂತ್ರ. ವೇಗದ ಅಳತೆ ಒಂದು ಕಥೆಯನ್ನು ಸುಳ್ಳೆಂದು ಹೊರಹಾಕಬಲ್ಲದು, ಉಳಿದದ್ದು ನಿಜವೆಂದು ಮೊಹರು ಒತ್ತಲಾರದು. ಅಳತೆಯೂ ಮೋಸ ಹೋಗುತ್ತದೆ. ಡೆಕ್ಸ್‌ಟ್ರಾನ್ ಬೆಳಕನ್ನು ಸುಕ್ರೋಸಿಗಿಂತ ಸುಮಾರು ಮೂರು ಪಟ್ಟು ಬಲಕ್ಕೆ ತಿರುಗಿಸುತ್ತದೆ. ಹೀಗಾಗಿ ಹಳಸಿದ ಕಬ್ಬಿನ ರಸ ಪೋಲರಿಮೀಟರಿನಲ್ಲಿ ಇರುವುದಕ್ಕಿಂತ ಹೆಚ್ಚು ಸಕ್ಕರೆ ಇದ್ದಂತೆ ತೋರಿಸಿ, ಪ್ಯಾನಿನಲ್ಲಿ ಕೈಕೊಡುತ್ತದೆ. ಭಾರವಾದ ಆಮ್ಲಜನಕದ ಪ್ರಯೋಗದಂಥವು ಹೊರಗಿನಿಂದ ಸಾಕ್ಷಿ ಹೇಳುತ್ತವೆ ನಿಜ. ಆ ಸಾಕ್ಷಿಯನ್ನು ಓದುವುದಕ್ಕೂ ಒಂದು ಕಥೆಯನ್ನು ಮೊದಲು ಒಪ್ಪಿರಬೇಕು.

ಹಾಗಾದರೆ ‘ನಿಧಾನವಾಗಿ ನಡೆಯುತ್ತಿದೆ’ ಎಂಬ ಮಾತಿಗೆ ಅರ್ಥವಿದೆಯೇ? ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ರಿಚರ್ಡ್ ವುಲ್ಫೆಂಡನ್ ಬಳಗ 2008ರಲ್ಲಿ ಲೆಕ್ಕ ಹಾಕಿದಂತೆ, 25 ಡಿಗ್ರಿಯಲ್ಲಿ ಆಮ್ಲವೂ ಕಿಣ್ವವೂ ಇಲ್ಲದ ನೀರಿನಲ್ಲಿ ಸುಕ್ರೋಸ್ ಅರ್ಧ ಬಿಡಿಯಾಗಲು ಸುಮಾರು 440 ವರ್ಷ ಬೇಕು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾ ಆಳುತ್ತಿದ್ದಾಗ ಮುಚ್ಚಿಟ್ಟ ಸಕ್ಕರೆ ನೀರಿನಲ್ಲಿ ಅರ್ಧ ಸಕ್ಕರೆ ಇವತ್ತಿಗೂ ಉಳಿದಿರುತ್ತಿತ್ತು. ಯಾರೂ ಅಷ್ಟು ಹೊತ್ತು ಕಾಯಲಿಲ್ಲ. ಹೆಚ್ಚಿನ ಶಾಖದಲ್ಲಿ ಅಳೆದು, ಅರ್ಹೇನಿಯಸ್‌ನ ಗೆರೆಯನ್ನು ಕೆಳಕ್ಕೆ ಎಳೆದು ಪಡೆದ ಅಂಕಿ ಅದು. ಆ ಗೆರೆ ನೇರ ಇರಬೇಕಾದರೆ ಉದ್ದಕ್ಕೂ ದಾರಿ ಒಂದೇ ಎಂದು ನಂಬಬೇಕು. ಓಸ್ಟ್‌ವಾಲ್ಡ್ ‘ನಡೆಯುತ್ತಿದೆ’ ಎಂದದ್ದು ಹೀಗೆ ದಾರಿಯ ಮೇಲಿನ ನಂಬಿಕೆಗೇ ಜೋತುಬಿದ್ದಿದೆ ಎಂದು ನಾನು ಬೀಗಬಹುದು. ಆದರೆ ಅದೇ ಬಳಗ ಎರಡು ಗ್ಲೂಕೋಸ್ ಬೆಸೆದ ಟ್ರೆಹಲೋಸ್ ಎಂಬ ಸಕ್ಕರೆಗೆ ಕೊಟ್ಟ ಅವಧಿ 66 ಲಕ್ಷ ವರ್ಷ. 440 ವರ್ಷದ್ದು ಆಗುತ್ತಿದೆ, 66 ಲಕ್ಷ ವರ್ಷದ್ದು ಆಗುತ್ತಿಲ್ಲ ಎನ್ನಲು ನನ್ನ ಬಳಿ ಗೆರೆಯೇನೂ ಇಲ್ಲ. ಎರಡೂ ಆಗುತ್ತಿಲ್ಲ ಎಂದರೆ ಯಾರ್ಡಿನ ಕಬ್ಬಿನೊಳಗಿನದು ಮಾತ್ರ ಆಗುತ್ತಿದೆ ಎನ್ನಲು ನಾನು ಬಳಸುವ ಅಳತೆಗೋಲು ಒಂದು ಹಂಗಾಮಿನ ಉದ್ದದ್ದು, ಬಹಳವಾದರೆ ಒಂದು ಆಯುಷ್ಯದ್ದು. ಅದು ನಿಸರ್ಗದ ಗೆರೆಯಲ್ಲ, ಕಾಯಲಾರದವನು ಎಳೆದ ಗೆರೆ ಎಂದು ಓಸ್ಟ್‌ವಾಲ್ಡ್ ಅಂದರೆ ಏನು ಹೇಳುವುದು? ಒಂದೇ ಸಕ್ಕರೆಗೆ ಹಲವು ಊರುಗಳಿವೆ, ಆರಿಸುವುದು ವೇಗ ಎಂಬ ನನ್ನ ಮಾತು ಇನ್ನೂ ನಿಲ್ಲುತ್ತದೆ. ಆದರೆ ಕಾಲಕ್ಕೆ ಮಿತಿಯೇ ಇಲ್ಲವೆಂದರೆ ಆ ಊರುಗಳೆಲ್ಲವೂ ಖಾಲಿಯಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರೇ ಉಳಿಯುತ್ತವೆ ಎಂದು ಮೇಲೆ ನಾನೇ ಬರೆದಿದ್ದೇನೆ. ನಮ್ಮಿಬ್ಬರ ಜಗಳ ಕೊನೆಗೆ ಬಂದು ನಿಲ್ಲುವುದು ಮಿತಿಯಿಲ್ಲದ ಕಾಲವನ್ನು ರಸಾಯನಶಾಸ್ತ್ರದ ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ ಎಂಬಲ್ಲಿ. ಬಿಡಬೇಕು ಎಂಬ ಕಡೆಗೆ ನನ್ನ ವಾಲಿಕೆ. ಯಾಕೆ ಎಂದು ಕೇಳಿದರೆ ಓಸ್ಟ್‌ವಾಲ್ಡ್ ಒಪ್ಪುವಂಥ ಕಾರಣ ನನಗಿನ್ನೂ ಸಿಕ್ಕಿಲ್ಲ.